ಪೆನುಕೊಂಡದಲ್ಲಿ ‘ಸ್ಥಳೀಯ’ ಎಂದರೆ ಯಾರು?

ಪೆನುಕೊಂಡ ಎಂದ ಕೂಡಲೇ ಕನ್ನಡ ಓದುಗರಿಗೆ ನೆನಪಾಗುವುದು ವಿಜಯನಗರ. ಆದರೆ ಕೆಲವು ವರ್ಷಗಳಿಂದ ಈ ಊರಿನ ಹೆಸರು ಪತ್ರಿಕೆಗಳಲ್ಲಿ ಬರುತ್ತಿರುವುದು ಬೇರೆ ಕಾರಣಕ್ಕೆ. ಕಾರು ಕಾರ್ಖಾನೆ, ಕೈಗಾರಿಕಾ ನೀತಿ, ಬೆಂಗಳೂರಿನ ಕಂಪನಿಗಳಿಗೆ ಆಂಧ್ರ ಕೊಡುತ್ತಿರುವ ಆಹ್ವಾನ ಇತ್ಯಾದಿ. ಈ ಸುದ್ದಿಗಳಲ್ಲೆಲ್ಲ ತಪ್ಪದೆ ಬರುವ ಒಂದು ಮಾತಿದೆ: ‘ಸ್ಥಳೀಯರಿಗೆ ಉದ್ಯೋಗ’. ಕೇಳುವುದಕ್ಕೆ ಬಹಳ ಚೆನ್ನಾಗಿದೆ. ಆದರೆ ಈ ಸ್ಥಳೀಯ ಎಂಬುವನು ಯಾರು? ಮಡಕಶಿರಾ ಕಡೆಯ ಗಡಿಯಲ್ಲಿ ಕನ್ನಡ ಮಾಧ್ಯಮದ ಮೇಷ್ಟ್ರುಗಳಾಗಿ ಬಹಳ ವರ್ಷ ಕಳೆದ ನಮಗೆ ಇದು ಬರೀ ಪತ್ರಿಕೆಯ ಪ್ರಶ್ನೆಯಲ್ಲ, ನಮ್ಮ ಶಾಲೆಯ ದಾಖಲಾತಿ ರಿಜಿಸ್ಟರಿನ ಪ್ರಶ್ನೆಯೂ ಹೌದು. ಮೊದಲು ಸ್ವಲ್ಪ ಹಳೆಯ ಕಥೆ ನೋಡೋಣ.

ಪೆನುಕೊಂಡ ಕೋಟೆಯ ಉತ್ತರ ಬಾಗಿಲಿನಲ್ಲಿ 1354ರ ಶಾಸನವಿದೆ. ಬುಕ್ಕರಾಯನು ಪೆನುಕೊಂಡ ಸೀಮೆಯನ್ನು ತನ್ನ ಮಗ ವೀರ ವಿರೂಪಣ್ಣ ಒಡೆಯನಿಗೆ ಒಪ್ಪಿಸಿದ ವಿಷಯ ಅದರಲ್ಲಿದೆ. 1565ರ ಯುದ್ಧದಲ್ಲಿ ಹಂಪೆ ಹಾಳಾದ ಮೇಲೆ ತಿರುಮಲರಾಯ ರಾಜಧಾನಿಯನ್ನು ಇಲ್ಲಿಗೇ ತಂದ. ಅದಕ್ಕೂ ಹಿಂದಕ್ಕೆ ಹೋದರೆ ನಮ್ಮ ಹೇಮಾವತಿ, ಅಂದರೆ ಹಳೆಯ ಹೆಂಜೇರು, ನೊಳಂಬರ ರಾಜಧಾನಿ. ಅಲ್ಲಿನ ಶಾಸನಗಳು ಕನ್ನಡದಲ್ಲಿವೆ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಒಂದೆರಡು ಅಕ್ಷರ ಕೂಡಿಸಿ ಓದಿ, “ಸಾರ್, ಇದು ನಮ್ದೇ” ಎಂದು ಕುಣಿಯುತ್ತಾರೆ. ನಮಗೂ ಒಳಗೊಳಗೇ ಖುಷಿ. ಹಾಗೆಂದು ಈ ಸೀಮೆ ಕನ್ನಡದ್ದು ಮಾತ್ರ ಎಂದು ನಾವು ಹೇಳುವುದಿಲ್ಲ. ಇಲ್ಲಿ ತೆಲುಗು ಬಾರದ ಕನ್ನಡಿಗ ಸಿಗುವುದು ಕಷ್ಟ, ಆಚೆ ಪಾವಗಡದಲ್ಲಿ ತೆಲುಗು ಬಾರದವನು ಸಿಗುವುದೂ ಅಷ್ಟೇ ಕಷ್ಟ.

ರಾಜಧಾನಿ ಮುಂದೆ ಚಂದ್ರಗಿರಿಗೆ ಹೋಯಿತು. ಬಿಜಾಪುರದವರು ಬಂದರು, ಮರಾಠರು ಬಂದರು, ಹೈದರ್ ಬಂದ. 1799ರಲ್ಲಿ ಟಿಪ್ಪು ಮಡಿದ ಮೇಲೆ ಈ ನೆಲ ನಿಜಾಮನ ಪಾಲಿಗೆ ಬಂತು. ಅವನು 1800ರಲ್ಲಿ ಅದನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. (ನಮ್ಮ ಸೀಮೆಗೆ ಬಂದ ಮೊದಲ ‘ಕಂಪನಿ’ ಕೊರಿಯಾದ್ದಲ್ಲ ಎಂಬುದು ನೆನಪಿರಲಿ!) ಥಾಮಸ್ ಮನ್ರೋ ಬಂದು ರೈತವಾರಿ ಲೆಕ್ಕ ಬರೆಸಿದ. ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದ ಪೆನುಕೊಂಡ 1882ರಲ್ಲಿ ಹೊಸ ಅನಂತಪುರ ಜಿಲ್ಲೆಗೆ ಸೇರಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಹೋಯಿತು, ಅನಂತಪುರ ಆಂಧ್ರದಲ್ಲಿ ಉಳಿಯಿತು. 2022ರ ಏಪ್ರಿಲ್ 4ರಿಂದ ನಮ್ಮದು ಶ್ರೀ ಸತ್ಯಸಾಯಿ ಜಿಲ್ಲೆ. ಇಷ್ಟೆಲ್ಲ ಆಗುವಾಗ ಊರಿನ ಜನ ಕೂತ ಜಾಗ ಬಿಟ್ಟು ಕದಲಲಿಲ್ಲ, ಗೆರೆಗಳು ಮಾತ್ರ ಅವರ ಮೇಲೆ ಓಡಾಡಿದವು. ನಕ್ಷೆ ನೋಡಿದರೆ ಪಾವಗಡ ಮೂರು ಕಡೆ ಆಂಧ್ರವನ್ನು ಇಟ್ಟುಕೊಂಡು ಒಳಗೆ ಚಾಚಿದೆ. ನಮ್ಮ ಮಡಕಶಿರಾ ಅದೇ ಥರ ಕರ್ನಾಟಕದೊಳಗೆ ಚಾಚಿದೆ. ಹೆಣ್ಣು ಕೊಡುವುದು, ತರುವುದು, ಸಂತೆ, ಜಾತ್ರೆ ಯಾವುದಕ್ಕೂ ಆ ಗೆರೆ ಅಡ್ಡ ಬಂದಿಲ್ಲ.

ಅಡ್ಡ ಬಂದದ್ದು ನೌಕರಿಗೆ. ಆಂಧ್ರದಲ್ಲಿ ‘ಸ್ಥಳೀಯ’ ಎಂಬ ಪದಕ್ಕೆ ದೊಡ್ಡ ಚರಿತ್ರೆಯೇ ಇದೆ. 1969ರಲ್ಲಿ ತೆಲಂಗಾಣ ಚಳವಳಿ, 1972ರಲ್ಲಿ ಜೈ ಆಂಧ್ರ ಚಳವಳಿ, ಎರಡರ ಹಿಂದೆಯೂ ನೌಕರಿಯ ಜಗಳವಿತ್ತು. 1973ರಲ್ಲಿ ಆರು ಸೂತ್ರದ ಒಪ್ಪಂದವಾಯಿತು, ಸಂವಿಧಾನಕ್ಕೆ 371ಡಿ ವಿಧಿ ಸೇರಿತು, 1975ರಲ್ಲಿ ರಾಷ್ಟ್ರಪತಿ ಆದೇಶ ಬಂತು. ಸರ್ಕಾರಿ ಕೆಲಸಕ್ಕೆ ಸ್ಥಳೀಯ ಯಾರೆಂದು ಆ ಆದೇಶ ತೀರ್ಮಾನಿಸಿದ ರೀತಿ ಕುತೂಹಲದ್ದು. ಜಾತಿ, ಭಾಷೆ, ಹುಟ್ಟಿದ ಊರು ಯಾವುದೂ ಅಲ್ಲ. ಹತ್ತನೇ ತರಗತಿ ಪರೀಕ್ಷೆಗೆ ಕೂತ ವರ್ಷವೂ ಸೇರಿ ಸತತ ನಾಲ್ಕು ವರ್ಷ ಎಲ್ಲಿ ಓದಿದೆ ಎಂಬುದೇ ಮುಖ್ಯ. ಅಂದರೆ ಒಬ್ಬ ಹುಡುಗ ಸ್ಥಳೀಯನೋ ಅಲ್ಲವೋ ಎಂದು ತಹಶೀಲ್ದಾರರಿಗಿಂತ ಮುಂಚೆ ಶಾಲೆಯ ರಿಜಿಸ್ಟರು ಹೇಳುತ್ತದೆ. ನಾವು ಟಿಸಿಎಚ್ ಓದಿದ್ದು ಕರ್ನಾಟಕದಲ್ಲಾದರೂ ಹತ್ತನೇ ತರಗತಿವರೆಗೆ ಈಚೆಯೇ ಇದ್ದೆವು, ಆದ್ದರಿಂದ ಬಚಾವಾದೆವು.

ನಮ್ಮ ಒಬ್ಬ ಹಳೆಯ ವಿದ್ಯಾರ್ಥಿ ಬಚಾವಾಗಲಿಲ್ಲ. ಏಳನೇ ತರಗತಿವರೆಗೆ ನಮ್ಮಲ್ಲೇ ಓದಿದ. ಆ ವರ್ಷ ಮಳೆ ಇಲ್ಲದೆ ಕಡಲೆಕಾಯಿ ಪೂರ್ತಿ ಹೋಯಿತು. ಅಪ್ಪ ಅಮ್ಮ ಕೂಲಿಗೆ ಬೆಂಗಳೂರಿಗೆ ಹೋದರು, ಹುಡುಗನನ್ನು ಪಾವಗಡ ತಾಲ್ಲೂಕಿನ ಅಜ್ಜಿ ಮನೆಯಲ್ಲಿ ಬಿಟ್ಟರು. ಎಂಟನೇ ತರಗತಿ ಅಲ್ಲಿ. ಅಜ್ಜಿ ತೀರಿಕೊಂಡರು, ಒಂಬತ್ತು ಮತ್ತು ಹತ್ತು ಮತ್ತೆ ಇಲ್ಲಿ. 2019ರಲ್ಲಿ ಗ್ರಾಮ ಸಚಿವಾಲಯದ ಹುದ್ದೆಗಳಿಗೆ ಅರ್ಜಿ ಕರೆದಾಗ ವ್ಯಾಸಂಗ ಪ್ರಮಾಣಪತ್ರಕ್ಕೆ ಬಂದ. ಲೆಕ್ಕ ಹಾಕಿದರೆ ನಾಲ್ಕು ವರ್ಷದಲ್ಲಿ ಒಂದು ವರ್ಷ ಗಡಿಯಾಚೆ ಬಿದ್ದಿತ್ತು. ನಮ್ಮ ಶಾಲೆಯಲ್ಲಿ ಎಂಟನೇ ತರಗತಿ ಇತ್ತಲ್ಲ, ಅದನ್ನೂ ಇಲ್ಲೇ ಓದಿದ ಎಂದು ಬರೆದುಕೊಡಿ ಎಂದು ಅವನ ಅಪ್ಪ ಕೈಮುಗಿದರು. ನಾವು ಬರೆಯಲಿಲ್ಲ. ರಿಜಿಸ್ಟರಿನಲ್ಲಿ ಇಲ್ಲದ್ದನ್ನು ಬರೆಯುವುದು ಹೇಗೆ? ಸರಿಯನ್ನೇ ಮಾಡಿದೆವು ಎಂದು ಗೊತ್ತು. ಆದರೂ ಆ ಮನುಷ್ಯ ಕೈಮುಗಿದದ್ದು ಈಗಲೂ ಕಣ್ಣ ಮುಂದೆ ಬರುತ್ತದೆ.

ಅದೇ 2019ರ ಆಗಸ್ಟ್ 8ರಂದು ಪೆನುಕೊಂಡ ಮಂಡಲದ ಎರ್ರಮಂಚಿಯಲ್ಲಿ ಕಿಯಾ ಕಾರ್ಖಾನೆಯಿಂದ ಮೊದಲ ಸೆಲ್ಟೋಸ್ ಹೊರಬಂತು. ಒಪ್ಪಂದವಾದದ್ದು 2017ರ ಏಪ್ರಿಲ್‌ನಲ್ಲಿ. ಹೂಡಿಕೆ 110 ಕೋಟಿ ಡಾಲರ್, ಸಾಮರ್ಥ್ಯ ವರ್ಷಕ್ಕೆ 3 ಲಕ್ಷ ಕಾರು. ಕಡಲೆಕಾಯಿ ಬಿಟ್ಟರೆ ಬೇರೆ ಗತಿಯಿಲ್ಲ ಎಂದುಕೊಂಡಿದ್ದ ಸೀಮೆಗೆ ಇದು ಸಣ್ಣ ವಿಷಯವಲ್ಲ. ಹೆದ್ದಾರಿ ಬದಿಯಲ್ಲಿ ಕೊರಿಯನ್ ಅಕ್ಷರದ ಬೋರ್ಡುಗಳೂ ಬಂದವು. ಆ ವರ್ಷವೇ ಆಂಧ್ರ ಸರ್ಕಾರ ಖಾಸಗಿ ಕಾರ್ಖಾನೆಗಳಲ್ಲಿ ಶೇ. 75 ಕೆಲಸ ಸ್ಥಳೀಯರಿಗೆ ಎಂದು ಕಾಯ್ದೆ ತಂದಿತು. (ಇಂಥದ್ದೇ ಹರಿಯಾಣದ ಕಾಯ್ದೆಯನ್ನು 2023ರಲ್ಲಿ ಅಲ್ಲಿನ ಹೈಕೋರ್ಟ್ ರದ್ದು ಮಾಡಿದೆ.) ಈ ಕಾಯ್ದೆಯ ಸ್ಥಳೀಯ ಎಂದರೆ ಆಂಧ್ರಪ್ರದೇಶದವನು. ಆ ಲೆಕ್ಕದಲ್ಲಿ ರಾಜ್ಯದ ಇನ್ನೊಂದು ತುದಿಯ ಶ್ರೀಕಾಕುಳಂ ಹುಡುಗ ಪೆನುಕೊಂಡದಲ್ಲಿ ಸ್ಥಳೀಯ, ಬಸ್ಸಿನಲ್ಲಿ ಬಂದು ಸಂಜೆ ಮನೆ ಸೇರಬಹುದಾದ ಪಾವಗಡದವನು ಹೊರಗಿನವನು. ನಮ್ಮ ಹುಡುಗನಿಗೆ ಈ ಕಾಯ್ದೆಯಿಂದ ತೊಂದರೆಯಿರಲಿಲ್ಲ. ಒಂದು ಬಿಡಿಭಾಗದ ಘಟಕದಲ್ಲಿ ಗುತ್ತಿಗೆ ಕೆಲಸವೂ ಸಿಕ್ಕಿತು. ಕೊರೊನಾ ಬಂದಾಗ ಅದು ಹೋಯಿತು.

ಎಲ್ಲ ನೀತಿಯೂ ಕಾರ್ಖಾನೆಯಾಗುವುದಿಲ್ಲ ಎಂಬುದಕ್ಕೂ ಉದಾಹರಣೆ ಪಕ್ಕದಲ್ಲೇ ಇದೆ. ಲೇಪಾಕ್ಷಿ ನಾಲೆಡ್ಜ್ ಹಬ್ ಹೆಸರಿನಲ್ಲಿ ಚಿಲಮತ್ತೂರು, ಗೋರಂಟ್ಲ ಮಂಡಲಗಳಲ್ಲಿ 8,844 ಎಕರೆ ಕೊಡಲಾಯಿತು. ಐ.ಟಿ. ಬರುತ್ತದೆ, ಕೆಲಸ ಬರುತ್ತದೆ ಎಂದರು. ಬಂದದ್ದು ಸಿಬಿಐ ತನಿಖೆ ಮತ್ತು ಬ್ಯಾಂಕುಗಳ ಅಡಮಾನದ ವ್ಯಾಜ್ಯ. ಆಚೆ ಪಾವಗಡದ ಸೋಲಾರ್ ಪಾರ್ಕಿನಲ್ಲಿ ರೈತರ ಭೂಮಿಯನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ ಗುತ್ತಿಗೆಗೆ ಪಡೆದರು. ಅದರಲ್ಲೂ ಭೂಮಿಯಿಲ್ಲದ ಕೂಲಿಯವರಿಗೆ ನಷ್ಟವೇ ಆಯಿತೆನ್ನಿ. ಆದರೂ ಪಹಣಿಯಲ್ಲಿ ರೈತನ ಹೆಸರು ಉಳಿಯಿತು.

ಕೆಲಸ ಹೋದ ಮೇಲೆ ನಮ್ಮ ಹುಡುಗ ಬೆಂಗಳೂರಿಗೆ ಹೋದ, ಒಂದು ಗೋದಾಮಿನಲ್ಲಿ ಸೇರಿಕೊಂಡ. ಕನ್ನಡ ಮಾಧ್ಯಮದವನು, ಬೆಂಗಳೂರಿನ ಎಷ್ಟೋ ಜನಕ್ಕಿಂತ ಚೆನ್ನಾಗಿ ಕನ್ನಡ ಬರೆಯುತ್ತಾನೆ. 2024ರ ಜುಲೈ 15ರಂದು ಕರ್ನಾಟಕದ ಸಚಿವ ಸಂಪುಟ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮೀಸಲಿನ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70. ಅದನ್ನು ಓದಿ ಫೋನ್ ಮಾಡಿದ, “ಸಾರ್, ನನಗೆ ಕನ್ನಡ ಬರುತ್ತಲ್ಲ, ಇದರಲ್ಲಿ ನಾನು ಬರ್ತೀನಾ?” ಮಸೂದೆಯ ಪ್ರಕಾರ ಕನ್ನಡ ಬಂದರೆ ಸಾಲದು, ಕರ್ನಾಟಕದಲ್ಲಿ ಹುಟ್ಟಿರಬೇಕು, 15 ವರ್ಷ ವಾಸವಿರಬೇಕು. ಅವನು ಹುಟ್ಟಿದ್ದು ಹಿಂದೂಪುರದ ಆಸ್ಪತ್ರೆಯಲ್ಲಿ. ಎರಡು ದಿನದಲ್ಲಿ ಐ.ಟಿ. ಉದ್ಯಮದವರ ಗದ್ದಲಕ್ಕೆ ಮಸೂದೆಯನ್ನು ತಡೆಹಿಡಿದರು. ಅದೇ ಹೊತ್ತಿಗೆ ಆಂಧ್ರದ ಐ.ಟಿ. ಮಂತ್ರಿ ನಾರಾ ಲೋಕೇಶ್ ಅವರು ಆ ಕಂಪನಿಗಳನ್ನು ವಿಶಾಖಪಟ್ಟಣಕ್ಕೆ ಬನ್ನಿ ಎಂದು ಕರೆದರು. 2025ರ ಜುಲೈನಲ್ಲಿ ರೈತರ ಹೋರಾಟದಿಂದ ದೇವನಹಳ್ಳಿಯ 1,777 ಎಕರೆ ಸ್ವಾಧೀನವನ್ನು ಕರ್ನಾಟಕ ಕೈಬಿಟ್ಟಾಗಲೂ, ಬೆಂಗಳೂರಿನ ಹೊರಗೇ 8 ಸಾವಿರ ಎಕರೆಗೂ ಹೆಚ್ಚು ಜಾಗ ನಮ್ಮಲ್ಲಿದೆ, ಬನ್ನಿ ಎಂದರು. ಎರಡೂ ಕಡೆಯವರು ಕಂಪನಿಗಳನ್ನು ಹೊರಗಿನದು ಎನ್ನುವುದಿಲ್ಲ, ಗಮನಿಸಿ. ಅವುಗಳಿಗೆ ಯಾರೂ ವ್ಯಾಸಂಗ ಪ್ರಮಾಣಪತ್ರ ಕೇಳುವುದಿಲ್ಲ.

ಹೋದ ಸಂಕ್ರಾಂತಿಗೆ ಅವನು ಊರಿಗೆ ಬಂದಿದ್ದ, ಜೊತೆಗೆ ಐದು ವರ್ಷದ ಮಗಳು. ಜೂನ್‌ನಲ್ಲಿ ಶಾಲೆಗೆ ಸೇರಿಸಬೇಕಂತೆ. “ಬೆಂಗಳೂರಲ್ಲೇ ಸೇರಿಸಲಾ, ಇಲ್ಲಿ ಅವ್ವನ ಹತ್ರ ಬಿಟ್ಟು ನಿಮ್ಮ ಶಾಲೆಗೆ ಹಾಕಲಾ? ಆಮೇಲೆ ಆ ನಾಲ್ಕು ವರ್ಷದ ತಕರಾರು ಬರಬಾರದು ಸಾರ್” ಎಂದ. ಹುಡುಗಿ ಅಷ್ಟರಲ್ಲಿ ನಮ್ಮ ಮೇಜಿನ ಮೇಲಿದ್ದ ರಿಜಿಸ್ಟರು ತೆಗೆದು ಹಾಳೆ ತಿರುಗಿಸುತ್ತಿದ್ದಳು. ಜೂನ್‌ಗೆ ಇನ್ನೂ ಸಮಯವಿದೆ, ಯೋಚಿಸಿ ಹೇಳುತ್ತೇವೆ ಎಂದು ಕಳುಹಿಸಿದೆವು.