ನಮ್ಮ ಜಿಲ್ಲೆಯ ಐದು ದ್ವೀಪಗಳು ಮತ್ತು ಒಂದು ಆಫ್ ಸೀಸನ್ ಪ್ರವಾಸ

ಮಂಗಳೂರು, ಬಂಟ್ವಾಳ, ಪುತ್ತೂರು, ಸುಳ್ಯ, ಬೆಳ್ತಂಗಡಿ... ದಕ್ಷಿಣ ಕನ್ನಡದ ತಾಲೂಕುಗಳನ್ನು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಹೀಗೆ. ಅಜ್ಜನ ಕಾಲದವರನ್ನು ಕೇಳಿದರೆ ಉಡುಪಿ, ಕುಂದಾಪುರ, ಕಾರ್ಕಳವನ್ನೂ ಸೇರಿಸ್ತಾರೆ. ಇನ್ನೂ ಹಳಬರಾದರೆ ಕಾಸರಗೋಡನ್ನೂ ಸೇರಿಸಿ ಒಂದು ನಿಟ್ಟುಸಿರು ಬಿಡ್ತಾರೆ. ಆದರೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಅಂತ ಯಾರಾದರೂ ಸೇರಿಸಿದ್ದು ಕೇಳಿದ್ದೀರಾ? ಈ ಐದೂ ಅರಬ್ಬೀ ಸಮುದ್ರದ ಹವಳದ ದ್ವೀಪಗಳು, ಒಟ್ಟಾಗಿ ಅಮಿನ್‌ದಿವಿ ಅಂತ ಹೆಸರು. 1956ರ ಅಕ್ಟೋಬರ್ 31ರ ತನಕ ಇವೂ ನಮ್ಮ ಜಿಲ್ಲೆಯವೇ!

ನಾನು ಈ ವಿಷಯದ ಬೆನ್ನು ಹತ್ತಿದ್ದಕ್ಕೆ ಕಾರಣ ಇತಿಹಾಸ ಪ್ರೇಮ ಏನಲ್ಲ, ಒಂದು ಅಗ್ಗದ ಪ್ರವಾಸ. ಮದುವೆಯಾಗಿ ವರ್ಷ ಕಳೆದರೂ ನಾವಿಬ್ಬರೂ ಎಲ್ಲಿಗೂ ಹೋಗಿರಲಿಲ್ಲ. ಮೇ ತಿಂಗಳ ಮೊದಲ ವಾರ, ಸೀಸನ್ ಮುಗಿಯುವ ಹೊತ್ತು, ಕಡಮತ್‌ನಲ್ಲಿ ಜಾಗ ಸಲೀಸಾಗಿ ಸಿಕ್ಕಿತು. ಸುರತ್ಕಲ್‌ನಿಂದ ರೈಲು ಹತ್ತಿ ಕೊಚ್ಚಿಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ರಾತ್ರಿಯಿಡೀ ಪ್ರಯಾಣ. ನಕ್ಷೆ ನೋಡ್ತಾ ನನ್ನವಳು ಕೇಳಿದಳು, "ಎಂತ ಮಾರಾಯ್ರೇ ಇದು? ತೆಂಕಿಗೆ ಅಷ್ಟು ದೂರ ಹೋಗಿ ಪುನಃ ಬಡಗಿಗೆ ಬರುದಾ?" ಅವಳು ಹೇಳಿದ್ದು ಸರಿಯೇ. ಕಡಮತ್ ಕೊಚ್ಚಿಯಿಂದ ಸುಮಾರು 400 ಕಿ.ಮೀ., ಮಂಗಳೂರಿನಿಂದ 300ಕ್ಕೂ ಕಡಿಮೆ. ಕಿಲ್ತಾನ್ ಇನ್ನೂ ಹತ್ತಿರ. ನೇರ ಗೆರೆ ಎಳೆದರೆ ಸುರತ್ಕಲ್‌ನಿಂದ ಬೆಂಗಳೂರಿಗಿಂತ ಕಿಲ್ತಾನ್ ದ್ವೀಪವೇ ಹತ್ತಿರ. ಇಷ್ಟು ವರ್ಷ ನಮ್ಮ ಲೈಟ್ ಹೌಸ್ ಬಂಡೆ ಮೇಲೆ ಕೂತು ಸೂರ್ಯಾಸ್ತ ನೋಡಿದವರಿಗೆ ಅದು ಹೊಳೆದೇ ಇಲ್ಲ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ.

ಈ ದ್ವೀಪಗಳಲ್ಲಿ ಹೊರಗಿನವರಿಗೆ ಬೇಕಾಗಿದ್ದದ್ದು ಒಂದೇ ವಸ್ತು, ತೆಂಗಿನ ನಾರು. ಹಾಯಿ ಹಡಗಿನ ಕಾಲದಲ್ಲಿ ಹಗ್ಗ ಇಲ್ಲದೆ ಏನೂ ನಡೆಯದು. 16ನೇ ಶತಮಾನದಲ್ಲಿ ಪೋರ್ಚುಗೀಸರು ಬಂದು ಅಮಿನಿಯಲ್ಲಿ ಕೋಟೆ ಕಟ್ಟಿದ್ದೂ ಇದೇ ನಾರಿಗಾಗಿ. ದ್ವೀಪದವರು ಅವರಿಗೆ ವಿಷ ಹಾಕಿ ಕೊಂದರು ಅನ್ನುವ ಕಥೆ ಅಲ್ಲಿ ಇವತ್ತಿಗೂ ಇದೆ. ಆಮೇಲೆ ದ್ವೀಪಗಳು ಕಣ್ಣೂರಿನ ಅರಕ್ಕಲ್ ಮನೆತನದ ಕೈಗೆ ಬಂದವು. ನಾರಿನ ವ್ಯಾಪಾರವನ್ನೆಲ್ಲ ಅವರೇ ಹಿಡಿದುಕೊಂಡು, ಅವರು ಹೇಳಿದ್ದೇ ಬೆಲೆ ಅನ್ನುವ ಹಾಗಾಯಿತು. ಸಾಕಾಗಿ ಹೋದ ಅಮಿನಿಯ ಜನ 1783ರಲ್ಲಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನನ್ನು ಕಂಡರು, ನಮ್ಮನ್ನು ನೀವೇ ಆಳಿ ಅಂತ ಕೇಳಿಕೊಂಡರು ಅನ್ನುತ್ತದೆ ಲಕ್ಷದ್ವೀಪದ ಸರಕಾರಿ ಚರಿತ್ರೆ. ಹೀಗೆ ಉತ್ತರದ ಐದು ದ್ವೀಪಗಳು ಟಿಪ್ಪುವಿಗೆ ಸೇರಿದವು, ದಕ್ಷಿಣದವು ಅರಕ್ಕಲ್‌ಗೇ ಉಳಿದವು.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನ ಕರಾವಳಿ ಕಂಪನಿಯದಾಯಿತು, ಅದರ ಜೊತೆಗೆ ಈ ಐದು ದ್ವೀಪಗಳೂ. ಅವುಗಳ ಆಡಳಿತ ಮಂಗಳೂರಿನ ಕಲೆಕ್ಟರರ ಕಚೇರಿಗೆ ಬಂತು. ಮೊದಲು ಕೆನರಾ ಜಿಲ್ಲೆ, ಆಮೇಲೆ ಅದು ಇಬ್ಭಾಗವಾಗಿ ದಕ್ಷಿಣ ಕೆನರಾ. ಸ್ಥಳದಲ್ಲಿ ನೋಡಿಕೊಳ್ಳಲು ಅಮಿನಿಯಲ್ಲಿ ಒಬ್ಬ ಮಣೆಗಾರ. ಕಲೆಕ್ಟರ್ ಇದ್ದದ್ದು ಮಂಗಳೂರಿನಲ್ಲಿ, ಮಧ್ಯೆ ಸಮುದ್ರ. ಹೀಗೆ ನೂರೈವತ್ತು ವರ್ಷಕ್ಕೂ ಹೆಚ್ಚು ನಡೆಯಿತು.

ಆಳುವವರು ಬದಲಾದರು ಸರಿ, ನಾರಿನ ಕಥೆ ಬದಲಾಯಿತಾ? ಇಲ್ಲ! ದ್ವೀಪದ ನಾರನ್ನು ಸರಕಾರವೇ ಕೊಳ್ಳಬೇಕು, ಬೇರೆಯವರಿಗೆ ಮಾರುವ ಹಾಗಿಲ್ಲ ಅನ್ನುವ ಪದ್ಧತಿಯನ್ನು ಕಂಪನಿಯೂ ಮುಂದುವರಿಸಿತು. ತೆಂಗಿನ ಸಿಪ್ಪೆಯನ್ನು ಲಗೂನಿನ ಮರಳಿನಲ್ಲಿ ಹೂತು, ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ಕೊಳೆಸಿ, ಬಡಿದು, ನಾರು ತೆಗೆದು, ಹುರಿ ಮಾಡುತ್ತಿದ್ದದ್ದು ಹೆಚ್ಚಾಗಿ ಹೆಂಗಸರು. ಅದನ್ನು ಹಾಯಿ ದೋಣಿಯಲ್ಲಿ ಮಂಗಳೂರಿಗೆ ತಂದು ಸರಕಾರಕ್ಕೆ ಒಪ್ಪಿಸಬೇಕು. ಬದಲಿಗೆ ಸಿಗುತ್ತಿದ್ದದ್ದು ಅಕ್ಕಿ, ಒಂದಿಷ್ಟು ಹಣ. ನಾರಿಗೆಷ್ಟು, ಅಕ್ಕಿಗೆಷ್ಟು ಅಂತ ಎರಡನ್ನೂ ನಿಗದಿ ಮಾಡುವುದು ಸರಕಾರವೇ. ಹವಳದ ಮರಳಿನಲ್ಲಿ ಭತ್ತ ಬೆಳೆಯುವುದಿಲ್ಲ. ಹಾಗಾಗಿ ಬೇಡ ಅನ್ನುವ ಧೈರ್ಯ ಯಾರಿಗಿದ್ದೀತು?

ಆ ದೋಣಿಗೆ ಅವರು ಓಡಂ ಅಂತಾರೆ. ನಮ್ಮ ತುಳುವಿನಲ್ಲೂ ಓಡ ಅಂದರೆ ದೋಣಿಯೇ ಅಲ್ವಾ! ಹುರಿಯಿಂದ ಹಲಗೆಗಳನ್ನು ಹೊಲಿದು ಕಟ್ಟುತ್ತಿದ್ದ ದೋಣಿಗಳು ಅವು. ನಕ್ಷತ್ರ ನೋಡಿ ದಾರಿ ಕಂಡುಕೊಳ್ಳುವ ಲೆಕ್ಕಗಳನ್ನು ರಹ್ಮಾನಿ ಅನ್ನುವ ಕೈಬರಹದ ಪುಸ್ತಕಗಳಲ್ಲಿ ಬರೆದಿಡುತ್ತಿದ್ದರು. ಇಷ್ಟೆಲ್ಲ ವಿದ್ಯೆ ಇದ್ದರೂ ಮುಂಗಾರಿನ ಎದುರು ಅದು ನಡೆಯುತ್ತಿರಲಿಲ್ಲ. ಮೇ ನಡುವಿಗೆ ಓಡಗಳನ್ನು ದಡಕ್ಕೆ ಎಳೆದು, ತೆಂಗಿನ ಗರಿ ಮುಚ್ಚಿ ಇಟ್ಟರೆ ಮತ್ತೆ ನೀರಿಗಿಳಿಸುವುದು ಸೆಪ್ಟೆಂಬರಿನಲ್ಲಿ. ನಡುವಿನ ನಾಲ್ಕು ತಿಂಗಳು ಮಂಗಳೂರಿಗೂ ಅಮಿನಿಗೂ ಯಾವ ಸಂಪರ್ಕವೂ ಇಲ್ಲ. ಅಕ್ಕಿ ಇಲ್ಲ, ಔಷಧಿ ಇಲ್ಲ, ಕಾಗದ ಇಲ್ಲ.

ಅಂದರೆ ನಾವು ಯಾವುದನ್ನು ಆಫ್ ಸೀಸನ್ ಅಂತ ಖುಷಿಯಾಗಿ ಬುಕ್ ಮಾಡಿದ್ದೆವೋ, ಅದು ದ್ವೀಪದವರ ಲೆಕ್ಕದಲ್ಲಿ ಸಮುದ್ರದ ಬಾಗಿಲು ಹಾಕುವ ಹೊತ್ತು.

ಕಡಮತ್‌ನಲ್ಲಿ ಪ್ರವಾಸಿಗರು ನಾವು ನಾಲ್ಕೈದು ಜನ ಅಷ್ಟೇ. ಒಂದು ಸಂಜೆ ಜೆಟ್ಟಿಯ ಹತ್ತಿರ ಒಬ್ಬರು ವಯಸ್ಸಾದ ಇಕ್ಕ ಸಿಕ್ಕಿದರು. ನನ್ನವಳು ಕಾಸರಗೋಡಿನವಳು, ಮನೆಮಾತು ಕನ್ನಡವಾದರೂ ಮಲಯಾಳ ಸಲೀಸು. ಅವರ ದ್ವೀಪದ ಮಲಯಾಳ ಅವಳಿಗೆ ಅರ್ಧಂಬರ್ಧ ಅರ್ಥವಾಗುತ್ತಿತ್ತು, ಅದನ್ನು ನನಗೆ ಕನ್ನಡ ಮಾಡಿ ಹೇಳುತ್ತಿದ್ದಳು. ನಾನು ಬಹಳ ಅಭಿಮಾನದಿಂದ, "ನೀವು ಮೊದಲು ನಮ್ಮ ಜಿಲ್ಲೆಯವರಂತೆ" ಅಂದೆ. ಅವರು ನಕ್ಕು, "ಹೌದು, ಅಪ್ಪ ಹೇಳುತ್ತಿದ್ದರು. ಮೇ ತಿಂಗಳ ಕೊನೇ ಓಡದಲ್ಲಿ ಮಂಗಳೂರಿನಿಂದ ಎಷ್ಟು ಅಕ್ಕಿ ಬಂತೋ ಅಷ್ಟೇ ನಮ್ಮ ಮಳೆಗಾಲ" ಅಂದರು. ಅವರ ದನಿಯಲ್ಲಿ ದೂರು ಇರಲಿಲ್ಲ, ಲೆಕ್ಕ ಹೇಳಿದ ಹಾಗೆ ಹೇಳಿದರು. ನನಗೆ ಮುಂದೆ ಏನು ಮಾತಾಡಬೇಕು ಅಂತ ತೋಚಲಿಲ್ಲ.

1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆ ಆಯಿತಲ್ಲ, ಅವತ್ತು ದಕ್ಷಿಣ ಕನ್ನಡ ಮದ್ರಾಸ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ಕಾಸರಗೋಡು ಕೇರಳಕ್ಕೆ ಹೋಯಿತು. ಅದೇ ದಿನ ನಮ್ಮ ಐದು ದ್ವೀಪಗಳನ್ನೂ ಮಲಬಾರ್ ಜಿಲ್ಲೆಗೆ ಸೇರಿದ್ದ ಉಳಿದ ದ್ವೀಪಗಳನ್ನೂ ಒಟ್ಟು ಮಾಡಿ ಕೇಂದ್ರಾಡಳಿತ ಪ್ರದೇಶ ಮಾಡಿದರು. ಹೆಸರು ಲಕ್ಕದೀವ್, ಮಿನಿಕಾಯ್ ಮತ್ತು ಅಮಿನ್‌ದಿವಿ ದ್ವೀಪಗಳು. ಲಕ್ಷದ್ವೀಪ ಅನ್ನುವ ಹೆಸರು ಬಂದದ್ದು 1973ರಲ್ಲಿ. ಮೊದಲು ಕಲ್ಲಿಕೋಟೆಯಿಂದ ಆಡಳಿತ, 1964ರಿಂದ ಕವರತ್ತಿಯಿಂದ. ಹಡಗು, ಕಚೇರಿ, ಆಸ್ಪತ್ರೆ ಎಲ್ಲಕ್ಕೂ ಜನ ಕೇರಳದ ಕಡೆ ನೋಡುವ ಹಾಗಾಯಿತು.

"ಕಾಸರಗೋಡಿಗಾಗಿ ಇಷ್ಟು ವರ್ಷ ಅತ್ತಿದ್ದೇವೆ, ಈ ದ್ವೀಪಗಳಿಗೆ ಒಬ್ಬರೂ ಅಳಲಿಲ್ವಲ್ಲ" ಅಂದಳು ನನ್ನವಳು ವಾಪಸ್ ಬರುವಾಗ. ಕಾಸರಗೋಡಿನವಳ ಬಾಯಲ್ಲಿ ಆ ಮಾತು ಬಂದದ್ದಕ್ಕೇ ನಾನು ತುಂಬ ಯೋಚಿಸಿದೆ. ಅಲ್ಲಿ ಕನ್ನಡ ಇತ್ತು, ಶಾಲೆ ಇತ್ತು, ಕಯ್ಯಾರ ಕಿಞ್ಞಣ್ಣ ರೈಯವರಂಥ ಕವಿಗಳಿದ್ದರು, ಹೋರಾಟ ಇತ್ತು. ದ್ವೀಪಗಳಲ್ಲಿ ಕನ್ನಡ ಇರಲಿಲ್ಲ, ನಿಜ. ಆದರೆ ಕಾರಣ ಭಾಷೆ ಒಂದೇ ಅಲ್ಲ ಅನ್ನಿಸುತ್ತದೆ. ನಮ್ಮ ಜಿಲ್ಲೆ ಆ ದ್ವೀಪಗಳನ್ನು ಗೋದಾಮಿನ ಲೆಕ್ಕದಲ್ಲಿ ಮಾತ್ರ ಕಂಡಿತ್ತು. ಇಷ್ಟು ನಾರು ಬಂತು, ಇಷ್ಟು ಅಕ್ಕಿ ಹೋಯಿತು. ಪುಸ್ತಕದಿಂದ ಒಂದು ಸಾಲು ಹೊಡೆದು ಹಾಕಿದರೆ ಅಳುವವರು ಯಾರು? ಅವರಾದರೂ ನಮಗಾಗಿ ಯಾಕೆ ಅಳಬೇಕು?

ಹಾಗಂತ ಸಂಬಂಧ ಪೂರ್ತಿ ಕಡಿದಿಲ್ಲ. ಮಂಗಳೂರಿನ ಹಳೇ ಬಂದರಿನ ದಕ್ಕೆಗೆ ಹೋದರೆ ಇವತ್ತಿಗೂ ಲಕ್ಷದ್ವೀಪಕ್ಕೆ ಹೊರಡುವ ಮಂಜಿಗಳಿಗೆ ತರಕಾರಿ, ಸಿಮೆಂಟು, ಜಲ್ಲಿ ತುಂಬಿಸುವುದು ಕಾಣಿಸುತ್ತದೆ. ಮಳೆಗಾಲ ಬಂತೆಂದರೆ ಅವೂ ನಿಲ್ಲುತ್ತವೆ, ಹಿಂದಿನ ಓಡಗಳ ಹಾಗೆಯೇ. 2024ರ ಮೇ ತಿಂಗಳಲ್ಲಿ ವೇಗದ ಹಡಗೊಂದು ಅಲ್ಲಿಂದ 160 ಜನರನ್ನು ಸುಮಾರು 7 ಗಂಟೆಯಲ್ಲಿ ಮಂಗಳೂರಿಗೆ ತಂದಾಗ ನಮ್ಮ ಪೇಪರುಗಳಲ್ಲಿ ದೊಡ್ಡ ಸುದ್ದಿಯಾಗಿತ್ತು. ಇನ್ನು ಪ್ರವಾಸೋದ್ಯಮ ಬೆಳೆಯುತ್ತದೆ ಅಂತ ಎಲ್ಲರಿಗೂ ಖುಷಿ.

ಖುಷಿ ನನಗೂ ಇದೆ. ಆದರೆ ಈ ಸಲವಾದರೂ ನಾವು ನೋಡುವ ರೀತಿ ಬದಲಾಗಬಹುದಾ? ಆಗ ನಾರು ಬೇಕಿತ್ತು, ಈಗ ನೀಲಿ ನೀರು ಬೇಕು. 2011ರ ಜನಗಣತಿಯಲ್ಲಿ ಬಿತ್ರದ ಜನಸಂಖ್ಯೆ 271. ನಮ್ಮ ಸುರತ್ಕಲ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ಇರುವಷ್ಟು ಜನ. ಅವರ ಅಜ್ಜ ಅಜ್ಜಿಯರು ನಮ್ಮ ಅಜ್ಜ ಅಜ್ಜಿಯರ ಜಿಲ್ಲೆಯವರೇ ಆಗಿದ್ದರು ಅನ್ನುವುದು ನಮ್ಮ ಜಿಲ್ಲೆಯ ಶಾಲಾ ಮಕ್ಕಳಿಗಾದರೂ ಗೊತ್ತಿರಬೇಕಲ್ವೇ? ನವೆಂಬರ್ 1ಕ್ಕೆ ಹೇಗೂ ಭಾಷಣ ಇರುತ್ತದೆ. ಅದರಲ್ಲಿ ಒಂದು ವಾಕ್ಯ ಸಾಕು. ಏನಂತೀರಿ?