ಯೆಜ್ಡಿ ಸೈಲೆನ್ಸರ್‌ನಿಂದ ಆಡಿ ವಾಲ್ವ್‌ವರೆಗೆ: ಕಾರ್ಬನ್ ಕಥೆ, ಭಾಗ 3

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಹಳೇ ಮೆಕ್ಯಾನಿಕ್‌ಗಳನ್ನ ಕೇಳ್ರಿ. ಯೆಜ್ಡಿಗೆ ಪೆಟ್ರೋಲ್ ಜೊತೆ ಆಯಿಲ್ ಬೆರೆಸಿ ಹಾಕ್ತಿದ್ರು. ಅದು ಸುಟ್ಟು ಸೈಲೆನ್ಸರ್ ಒಳಗ ಕಾರ್ಬನ್ ಕಟ್ಟತಿತ್ತು; ಬಿಚ್ಚಿ, ಬೆಂಕಿಗೆ ಹಿಡಿದು, ಕೆರೆದ್ರ ಮುಗೀತು.

1996ರಲ್ಲಿ ಮೈಸೂರಿನ ಯೆಜ್ಡಿ ಕಾರ್ಖಾನೆ ಮುಚ್ಚಿತು. ಅದೇ ವರ್ಷ ಜಪಾನಿನ ಮಿತ್ಸುಬಿಷಿ ಜಿಡಿಐ ಎಂಜಿನ್ ತಂತು: ಪೆಟ್ರೋಲ್ ನೇರ ಸಿಲಿಂಡರ್ ಒಳಗೆ. ಮುಂದೆ ಆಡಿ, ಬಿಎಂಡಬ್ಲ್ಯೂ ಕೂಡ ಅದೇ ದಾರಿ ಹಿಡಿದವು. ಮೈಲೇಜ್ ಬಂತು ಖರೆ, ಆದ್ರ ಇನ್‌ಟೇಕ್ ವಾಲ್ವ್ ತೊಳೀತಿದ್ದ ಪೆಟ್ರೋಲ್ ಈಗ ಅದನ್ನ ಮುಟ್ಟೋದೇ ಇಲ್ಲ. ಎಂಜಿನ್ ಆಯಿಲ್ ಆವಿ ಅಲ್ಲೇ ಕೂತು ಗಟ್ಟಿ ಕಾರ್ಬನ್ ಆಗ್ತೈತಿ.

ಅದಕ್ಕ ಟ್ಯಾಂಕಿಗೆ ಸುರಿಯೋ ಕ್ಲೀನರ್ ಈ ವಾಲ್ವ್‌ಗೆ ತಲುಪಂಗಿಲ್ಲ (ರೊಕ್ಕ ಉಳಿಸ್ರಿ). ಮ್ಯಾನಿಫೋಲ್ಡ್ ಬಿಚ್ಚಿ, ಗಾಳಿ ಒತ್ತಡದಾಗ ಅಕ್ರೋಟ್ ಚಿಪ್ಪಿನ ಪುಡಿ ಹೊಡೀಬೇಕು. ಟೊಯೋಟಾ 2005ರಲ್ಲೇ ಲೆಕ್ಸಸ್‌ಗೆ ವಾಲ್ವ್ ಹೊರಗೊಂದು, ಸಿಲಿಂಡರ್ ಒಳಗೊಂದು ಇಂಜೆಕ್ಟರ್ ಇಟ್ಟಿತು. ಸೆಕೆಂಡ್ ಹ್ಯಾಂಡ್ ಆಡಿ ನೋಡಾಕ ಹೊಂಟ್ರ, ಆಯಿಲ್ ಯಾವಾಗ ಬದಲಿ ಮಾಡ್ಸೀರಿ ಅಂತ ಮೊದಲು ಕೇಳ್ರಿ.