ದನಿಯ ಹಿಂದಿನ ದುಡಿಮೆ: ಸೊಲ್ಲಾಪುರ, ಅಕ್ಕಲಕೋಟೆಗೆ ಕನ್ನಡ ಬಾನುಲಿ ಬಂದ ಬಗೆ

ಸೊಲ್ಲಾಪುರ ಮತ್ತು ಅಕ್ಕಲಕೋಟೆಯ ಕನ್ನಡದ ಚರಿತ್ರೆಯನ್ನು ಹೇಳಲು ಹೊರಟಾಗ ನಾವು ಸಿದ್ಧರಾಮೇಶ್ವರರಿಂದ ಆರಂಭಿಸುತ್ತೇವೆ. ಶಾಸನಗಳನ್ನು ನೆನೆಯುತ್ತೇವೆ, ಜಯದೇವಿತಾಯಿ ಲಿಗಾಡೆಯವರ ಹೆಸರನ್ನು ಅಭಿಮಾನದಿಂದ ಎತ್ತುತ್ತೇವೆ, ಮಠಗಳ, ಕನ್ನಡ ಶಾಲೆಗಳ ಉಪಕಾರವನ್ನು ಸ್ಮರಿಸುತ್ತೇವೆ. ಇದೆಲ್ಲವೂ ಉಚಿತವೇ. ಆದರೆ ಗಡಿ ಬಿದ್ದ ಮೇಲೆ ನಮ್ಮ ಮನೆಗಳೊಳಗೆ ಪ್ರತಿದಿನ, ತಪ್ಪದೆ, ಅಕ್ಷರ ಬಾರದವರ ಕಿವಿಗೂ ಕನ್ನಡವನ್ನು ತಲುಪಿಸಿದ ಸಾಧನ ಬಾನುಲಿ. ಅದರಲ್ಲಿ ಹಾಡಿದವರ, ಮಾತನಾಡಿದವರ ಹೆಸರುಗಳು ನಮಗೆ ಗೊತ್ತು. ಆ ದನಿಯನ್ನು ಇಲ್ಲಿಯವರೆಗೆ ಸಾಗಿಸಿದ ಸರ್ಕಾರಿ ತಂತ್ರಜ್ಞರ ಪ್ರಸ್ತಾಪ ಮಾತ್ರ ನಮ್ಮ ಬರಹಗಳಲ್ಲಿ ಅಪರೂಪ.

ಕನ್ನಡ ನಾಡಿನ ಮೊದಲ ಬಾನುಲಿ ನಿಲಯ ಮೈಸೂರಿನದು. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಅದನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಹುಟ್ಟಿದ್ದು ಅಲ್ಲಿ. ಆದರೆ ಆ ಪುಟ್ಟ ಪ್ರೇಷಕದ ಶಕ್ತಿ ಭೀಮಾ ತೀರದವರೆಗೆ ಬರುವಂಥದಲ್ಲ. ನಮ್ಮ ಭಾಗಕ್ಕೆ ಆಗ ದೊಡ್ಡ ನಿಲಯವೆಂದರೆ 1927ರಲ್ಲಿ ಆರಂಭವಾಗಿದ್ದ ಮುಂಬಯಿ. ಕನ್ನಡಕ್ಕೆ ಹತ್ತಿರದ ಸ್ವಂತ ಮನೆ ದೊರೆತದ್ದು 1950ರ ಜನವರಿ 8ರಂದು, ಧಾರವಾಡ ನಿಲಯ ಆರಂಭವಾದಾಗ. ಅದೇ ವರ್ಷ ಸೊಲ್ಲಾಪುರದಲ್ಲಿ ಎಂ. ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಜರುಗಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. 1950ರಲ್ಲಿ ಧಾರವಾಡವೂ ಸೊಲ್ಲಾಪುರವೂ ಒಂದೇ ಮುಂಬಯಿ ರಾಜ್ಯಕ್ಕೆ ಸೇರಿದ್ದವು. ನಿಲಯ ಮತ್ತು ಕೇಳುಗ ಇಬ್ಬರೂ ಒಂದೇ ಆಡಳಿತದಲ್ಲಿದ್ದರು. 1956ರ ಪುನರ್ವಿಂಗಡಣೆಯಲ್ಲಿ ಧಾರವಾಡ ಮೈಸೂರು ರಾಜ್ಯಕ್ಕೆ ಹೋಯಿತು, ನಾವು ಮುಂಬಯಿಯಲ್ಲಿಯೇ ಉಳಿದೆವು, 1960ರಲ್ಲಿ ಮಹಾರಾಷ್ಟ್ರದವರಾದೆವು. ಪ್ರಸಾರದ ಸ್ತಂಭ ಮಾತ್ರ ನಿಂತಲ್ಲಿಯೇ ನಿಂತಿತ್ತು. ಬಾನುಲಿ ಕೇಂದ್ರ ಸರ್ಕಾರದ ಇಲಾಖೆಯಾದ್ದರಿಂದ ಅದರ ತಂತ್ರಜ್ಞನಿಗೆ ಈ ಗಡಿಯಿಂದ ಆಗಬೇಕಾದುದು ಏನೂ ಇರಲಿಲ್ಲ.

ಧಾರವಾಡದಿಂದ ಸೊಲ್ಲಾಪುರ ಹಕ್ಕಿ ಹಾರುವ ಹಾದಿಯಲ್ಲಿ ಸುಮಾರು 260 ಕಿಲೋಮೀಟರು. ಮಧ್ಯಮ ತರಂಗ ಹಗಲಿನಲ್ಲಿ ನೆಲವನ್ನು ಹಿಡಿದು ಸಾಗುತ್ತದೆ, ಸಾಗುತ್ತಾ ಸೊರಗುತ್ತದೆ. ರಾತ್ರಿ ಮೇಲಣ ವಾಯುಮಂಡಲಕ್ಕೆ ತಾಗಿ ಹಿಂದಿರುಗುತ್ತದೆ, ಆದ್ದರಿಂದ ದೂರದವರೆಗೆ ಕೇಳಿಸುತ್ತದೆ, ಆದರೆ ಅಲೆಯಂತೆ ಏರಿಳಿಯುತ್ತದೆ. ಹಾಡು ಮೇಲೇರುವ ಹೊತ್ತಿಗೆ ದನಿ ಮುಳುಗಿ ಹೋಗುವ ಅನುಭವ ನಮ್ಮ ಹಿರಿಯರೆಲ್ಲರಿಗೂ ಉಂಟು. ಮುಂದೆ ಧಾರವಾಡದ ಪ್ರೇಷಕ 200 ಕಿಲೋವ್ಯಾಟಿಗೆ ಏರಿತು. 1966ರಲ್ಲಿ ಕಲಬುರಗಿಯಲ್ಲಿ ನಿಲಯ ತೆರೆಯಿತು. ಅದು ಅಕ್ಕಲಕೋಟೆಗೆ ಕೇವಲ 70 ಕಿಲೋಮೀಟರು, ಸೊಲ್ಲಾಪುರಕ್ಕೆ ಸುಮಾರು 105. ಟ್ರಾನ್ಸಿಸ್ಟರಿನೊಳಗಿನ ಫೆರೈಟ್ ಕಡ್ಡಿ ತನ್ನ ಪಕ್ಕದಿಂದ ಬರುವ ತರಂಗವನ್ನು ಚೆನ್ನಾಗಿ ಹಿಡಿಯುತ್ತದೆ, ತುದಿಯಿಂದ ಬರುವುದನ್ನು ಬಿಡುತ್ತದೆ. ಅಕ್ಕಲಕೋಟೆಯಿಂದ ಕಲಬುರಗಿ ಪೂರ್ವಕ್ಕೆ, ಧಾರವಾಡ ದಕ್ಷಿಣ-ನೈರುತ್ಯಕ್ಕೆ. ಆದ್ದರಿಂದ ಒಂದು ನಿಲಯದಿಂದ ಇನ್ನೊಂದಕ್ಕೆ ಹೋಗುವಾಗ ಮುಳ್ಳನ್ನಷ್ಟೇ ಅಲ್ಲ, ಪೆಟ್ಟಿಗೆಯನ್ನೇ ಕಾಲು ಸುತ್ತು ತಿರುಗಿಸಬೇಕಾಗುತ್ತಿತ್ತು. ಅಜ್ಜಂದಿರು ಇದನ್ನು ಯಾವ ಶಾಸ್ತ್ರವನ್ನೂ ಓದದೆ ಕಂಡುಕೊಂಡಿದ್ದರು.

ಅತ್ತ ಪ್ರೇಷಣ ಕೇಂದ್ರದಲ್ಲಿ ನಡೆಯುತ್ತಿದ್ದ ದುಡಿಮೆ ಎಂಥದು? ಮುಂಜಾನೆ ಸಂಕೇತವಾದ್ಯ ಮೊಳಗುವುದಕ್ಕೆ ಬಹಳ ಮುಂಚೆಯೇ ತಂತ್ರಜ್ಞ ಕೆಲಸಕ್ಕೆ ಹಾಜರು. ವಾಲ್ವುಗಳ ಕಾಲದ ಪ್ರೇಷಕವನ್ನು ಗುಂಡಿ ಒತ್ತಿ ತಟ್ಟನೆ ಎಬ್ಬಿಸುವಂತಿಲ್ಲ. ಮೊದಲು ತಂಪು ಮಾಡುವ ವ್ಯವಸ್ಥೆ, ಅನಂತರ ಫಿಲಮೆಂಟ್ ಕಾಯಿಸುವುದು, ಅದು ಹದಕ್ಕೆ ಬಂದ ಮೇಲೆ ಹೈ ವೋಲ್ಟೇಜು. ಒಂದು ಹಂತ ತಪ್ಪಿದರೆ ಬೆಲೆಬಾಳುವ ವಾಲ್ವು ಹೋಗುತ್ತದೆ, ಎಚ್ಚರ ತಪ್ಪಿದರೆ ಜೀವವೇ ಹೋಗುತ್ತದೆ. ಬಾಗಿಲು ತೆರೆದೊಡನೆ ವಿದ್ಯುತ್ತು ಕಡಿಯುವ ಏರ್ಪಾಟು ಇದ್ದರೂ, ಒಳಗೆ ಕೈ ಹಾಕುವ ಮುನ್ನ ನೆಲಕ್ಕೆ ಜೋಡಿಸಿದ ಕೋಲನ್ನು ತಾಗಿಸಿ ಉಳಿದ ವಿದ್ಯುತ್ತನ್ನು ಇಳಿಸುವುದು ಈ ವೃತ್ತಿಯ ಮೊದಲ ಪಾಠ. ಮೀಟರುಗಳನ್ನು ಗಂಟೆಗಂಟೆಗೆ ಓದಿ ಲಾಗ್ ಪುಸ್ತಕದಲ್ಲಿ ಬರೆಯಬೇಕು. ಪ್ರಸಾರ ಎಷ್ಟು ಹೊತ್ತು ಕಡಿಯಿತು, ಕಾರಣವೇನು, ಎಲ್ಲವನ್ನೂ ದಾಖಲಿಸಬೇಕು. ಸ್ತಂಭದ ಸುತ್ತ ನೆಲದಡಿಯಲ್ಲಿ ಚಕ್ರದ ಅರಗಳಂತೆ ಹೂಳಿದ ತಾಮ್ರದ ತಂತಿಗಳನ್ನು ಕಾಯಬೇಕು, ಏಕೆಂದರೆ ಅವು ಕಡಿದರೆ ದೂರದ ಕೇಳುಗನಿಗೆ ದನಿ ಕ್ಷೀಣಿಸುತ್ತದೆ. ಆ ದೂರದ ಕೇಳುಗರೆಂದರೆ ಮೊದಲಿಗೆ ನಾವೇ. ಧಾರವಾಡದ ಪೇಟೆಯವನಿಗೆ ಆ ನಷ್ಟ ತಿಳಿಯುವುದೂ ಇಲ್ಲ.

ಸ್ಟುಡಿಯೋದಲ್ಲಿ ಇನ್ನೊಂದು ಬಗೆಯ ಕುಶಲತೆ. ಮಲ್ಲಿಕಾರ್ಜುನ ಮನ್ಸೂರರು ಧಾರವಾಡ ನಿಲಯದ ಸಂಗೀತ ಸಲಹೆಗಾರರಾಗಿದ್ದರು, ಎನ್ಕೆ ಕುಲಕರ್ಣಿಯವರು ಅಲ್ಲಿ ನಾಟಕ, ರೂಪಕಗಳನ್ನು ಬೆಳೆಸಿದರು. ಇಂಥವರ ಮುಂದೆ ಮೈಕನ್ನು ಎಷ್ಟು ದೂರ ಇಡಬೇಕು, ತಂಬೂರಿಯ ಶ್ರುತಿ ಕಂಠವನ್ನು ಮುಚ್ಚದಂತೆ ಹೇಗೆ ಹಿಡಿಯಬೇಕು ಎಂಬುದು ಗಾಜಿನಾಚೆ ಕುಳಿತವನ ಕಿವಿಗೆ ಬಿಟ್ಟ ವಿಷಯ. ಟೇಪನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಬೇಡದ ಕೆಮ್ಮನ್ನು ತೆಗೆದು, ಅಂಟುಪಟ್ಟಿಯಿಂದ ಜೋಡಿಸಿದರೆ ಕೇಳುಗನಿಗೆ ಬೆಸುಗೆ ತಿಳಿಯಬಾರದು. ತಿಳಿಯದಂತೆ ಮಾಡುವುದೇ ಕೆಲಸವಾದ್ದರಿಂದ ಮಾಡಿದವನೂ ತಿಳಿಯದೆ ಉಳಿದ.

1978ರ ನವೆಂಬರಿನಲ್ಲಿ ಒಂದು ವಿಚಿತ್ರ ಬದಲಾವಣೆಯಾಯಿತು. ಜಿನೀವಾದ ಒಪ್ಪಂದದಂತೆ ಮಧ್ಯಮ ತರಂಗದ ನಿಲಯಗಳೆಲ್ಲ 9 ಕಿಲೋಹರ್ಟ್ಸ್ ಅಂತರದ ಹೊಸ ಸ್ಥಾನಗಳಿಗೆ ಬರಬೇಕಾಯಿತು. ಧಾರವಾಡದ 765, ಕಲಬುರಗಿಯ 1107 ಎಂಬ ಸಂಖ್ಯೆಗಳನ್ನು ಒಂಬತ್ತರಿಂದ ಭಾಗಿಸಿ ನೋಡಿ, ಶೇಷ ಉಳಿಯುವುದಿಲ್ಲ.

ಈ ಚರಿತ್ರೆಯಲ್ಲಿ ಗಡಿಯ ನೋವು ನಿಜವಾಗಿ ತಟ್ಟುವುದು ಬಾನುಲಿಯಲ್ಲಿ ಅಲ್ಲ, ದೂರದರ್ಶನದಲ್ಲಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಭಾರತವು ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ‘ಸೈಟ್’ ಎಂಬ ಪ್ರಯೋಗವನ್ನು ನಡೆಸಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಮೂರು ಮೀಟರು ಅಗಲದ ತಂತಿಬಲೆಯ ಬೋಗುಣಿಗಳು ನಿಂತವು. ಕರ್ನಾಟಕದಲ್ಲಿ ಆಯ್ಕೆಯಾದವು ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು, ಅರ್ಥಾತ್ ನಮ್ಮ ನೆರೆಯವೇ. ಬೆಂಗಳೂರಿನವರು ದೂರದರ್ಶನವನ್ನು ಕಾಣುವ ಮೊದಲೇ ಈ ಜಿಲ್ಲೆಗಳ ರೈತರು ಕನ್ನಡದಲ್ಲಿ ಅದನ್ನು ಕಂಡರು. ಒಂದೇ ಚಿತ್ರದೊಡನೆ ಎರಡು ಧ್ವನಿಮಾರ್ಗಗಳು ಬರುತ್ತಿದ್ದುದರಿಂದ ತೆಲುಗು, ಕನ್ನಡ ಎರಡಕ್ಕೂ ಎಡೆ ದೊರೆಯಿತು. ಹಳ್ಳಿಯ ಧೂಳು, ಗಾಳಿಗೆ ಓಲುವ ಬೋಗುಣಿ, ಏರಿಳಿಯುವ ವಿದ್ಯುತ್ತು, ಕೆಲವೆಡೆ ಬರಿ ಬ್ಯಾಟರಿ, ಇವುಗಳ ನಡುವೆ ಸೆಟ್ಟುಗಳನ್ನು ವರ್ಷಪೂರ್ತಿ ಜೀವಂತವಾಗಿ ಇಟ್ಟವರು ಊರೂರು ಸುತ್ತಿದ ಸರ್ಕಾರಿ ತಂತ್ರಜ್ಞರು. ಆ ಪ್ರಯೋಗದ ಹಿರಿಯ ಯಶಸ್ಸು ಉಪಗ್ರಹದ್ದಲ್ಲ, ಈ ದುರಸ್ತಿಯದು ಎಂಬುದು ನಮ್ಮ ಅಭಿಮತ.

ಆ ಆರು ರಾಜ್ಯಗಳಲ್ಲಿ ಮಹಾರಾಷ್ಟ್ರ ಇರಲಿಲ್ಲ. ಉಪಗ್ರಹದ ಕಿರಣ ಆಳಂದ, ಅಫಜಲಪುರಗಳ ಮೇಲೆ ಬಿದ್ದಂತೆ ಅಕ್ಕಲಕೋಟೆಯ ಹೊಲಗಳ ಮೇಲೂ ಬೀಳುತ್ತಿತ್ತು. ಅದನ್ನು ಹಿಡಿಯುವ ಬೋಗುಣಿ ಇಲ್ಲಿ ಇರಲಿಲ್ಲ, ಅಷ್ಟೇ. ಕೊಲಂಬೋದಲ್ಲಿದ್ದ ಲೇಖಕ ಆರ್ಥರ್ ಸಿ. ಕ್ಲಾರ್ಕ್ ಅವರ ಮನೆಗೆ ನಮ್ಮ ಎಂಜಿನಿಯರುಗಳು ಹೋಗಿ ಒಂದು ಸೆಟ್ಟನ್ನು ಕೂಡಿಸಿಕೊಟ್ಟರು. ಗಡಿಯಾಚೆಯ ಸೋದರಮಾವನ ಊರಿನಲ್ಲಿ ಕನ್ನಡದ ಚಿತ್ರವನ್ನು ನೋಡಿ ಬಂದ ಮಗುವಿಗೆ ನಮ್ಮೂರಿನಲ್ಲಿ ಏಕೆ ಇಲ್ಲವೆಂದು ವಿವರಿಸುವುದು ಯಾರಿಗಾದರೂ ಕಷ್ಟವೇ.

ಪ್ರಯೋಗ ಮುಗಿದ ಮೇಲೆ 1977ರಲ್ಲಿ ಗುಲ್ಬರ್ಗಾದಲ್ಲಿ ದೂರದರ್ಶನದ ನೆಲದ ಪ್ರೇಷಕ ಬಂದಿತು. ಬೆಂಗಳೂರಿಗೆ ಅದು ಬಂದದ್ದು 1981ರಲ್ಲಿ. ಮುಂದೆ ಸೊಲ್ಲಾಪುರಕ್ಕೂ ಆಕಾಶವಾಣಿಯ ಸ್ವಂತ ನಿಲಯ ಬಂದಿತು, ಅದರ ಪ್ರಧಾನ ಭಾಷೆ ಸಹಜವಾಗಿಯೇ ಮರಾಠಿ. 1997ರಲ್ಲಿ ಪ್ರಸಾರ ಭಾರತಿ ರೂಪುಗೊಂಡು ಇಲಾಖೆಯ ಸ್ವರೂಪವೇ ಬದಲಾಯಿತು. ವಿಜಯಪುರದಲ್ಲಿ ಎಫ್.ಎಂ. ನಿಲಯವಿದೆ, ಆದರೆ ಎಫ್.ಎಂ. ತರಂಗ ಬಹುಮಟ್ಟಿಗೆ ಕಣ್ಣು ಕಾಣುವಷ್ಟೇ ದೂರ ಸಾಗುವಂಥದು, ಭೀಮೆಯನ್ನು ದಾಟಿ ನೂರು ಕಿಲೋಮೀಟರು ಬರಲು ಅದಕ್ಕೆ ತ್ರಾಣ ಸಾಲದು. ಈಗ ಧಾರವಾಡವನ್ನು ಮೊಬೈಲಿನಲ್ಲಿ ಕೇಳಬಹುದು, ಸ್ವಚ್ಛವಾಗಿಯೇ ಕೇಳಿಸುತ್ತದೆ. ಹುಡುಕಿಕೊಂಡು ಹೋಗುವವರಿಗೆ ಅದು ಲಭ್ಯ. ಮುಳ್ಳು ತಿರುಗಿಸುವಾಗ ತಾನಾಗಿ ಎದುರಾಗುತ್ತಿದ್ದ ಕನ್ನಡ ಮಾತ್ರ ವಿರಳವಾಗುತ್ತಿದೆ.

ನಮ್ಮ ಸಂಘದ ಸದಸ್ಯ ಕುಟುಂಬಗಳ ಹಿರಿಯರಲ್ಲಿ ಆಕಾಶವಾಣಿ, ದೂರದರ್ಶನಗಳ ತಾಂತ್ರಿಕ ವಿಭಾಗದಲ್ಲಿ ದುಡಿದವರಿದ್ದರೆ, ಅವರ ಸೇವಾ ಪುಸ್ತಕ, ತರಬೇತಿಯ ಟಿಪ್ಪಣಿ, ಹಳೆಯ ಭಾವಚಿತ್ರಗಳು ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಇರಬಹುದು. ರದ್ದಿಗೆ ಹಾಕುವ ಮುನ್ನ ಅವನ್ನು ಸಂಘದ ಗ್ರಂಥಾಲಯಕ್ಕೆ ತಂದು ತೋರಿಸಬೇಕೆಂದು ಕೋರುತ್ತೇವೆ. ಅವರು ಮಾತನಾಡುವ ಸ್ಥಿತಿಯಲ್ಲಿದ್ದರೆ ನಾವೇ ಅವರ ಮನೆಗೆ ಬಂದು ಧ್ವನಿಮುದ್ರಣ ಮಾಡಿಕೊಳ್ಳುತ್ತೇವೆ.